ಬಲಗಡೆಗೆ ಬಂದ ಮಣಿ

ನಾನು ಕೆಲಸ ಮಾಡಿದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ತ್ರಿಪ್ಲಿಕೇನಿನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತ, ನಿಮ್ಮ ಕಾಲದಲ್ಲಿ ಇಷ್ಟೊಂದು ಮೆಷಿನ್ ಇರಲಿಲ್ಲವಂತಲ್ಲ ಮೇಡಂ, ಏನು ಮಾಡುತ್ತಿದ್ದಿರಿ ಎಂದು ತಮಿಳಿನಲ್ಲಿ ಕೇಳುತ್ತಾರೆ. ನಾನು ನನ್ನ ಎರಡು ಕೈ ತೋರಿಸುತ್ತೇನೆ. ಅವರು ನಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವವಳು ಅವರಲ್ಲಿ ಒಬ್ಬಳೇ. ಉಳಿದವರಿಗೆ ಅವಳು ಓದಿ ಹೇಳಲಿ.

ನಾನು ಸೇರಿದಾಗ ತೊಡೆಯ ಮೂಳೆ ಮುರಿದವರ ಕಾಲಿಗೆ ಭಾರ ಕಟ್ಟಿ, ಮಂಚದ ಕಾಲಡಿಗೆ ಇಟ್ಟಿಗೆ ಕೊಟ್ಟು, ವಾರಗಟ್ಟಲೆ ಮಲಗಿಸುತ್ತಿದ್ದರು. ಮೂಳೆ ಕೂಡುವಷ್ಟರಲ್ಲಿ ಮನುಷ್ಯ ಸೊರಗಿಹೋಗಿರುತ್ತಿದ್ದ. ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ, ಮಡಿಸಿದರೆ ಮಡಿಯದ ಮಂಡಿ. ಅಂಥವರನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮ ಕೆಲಸ. ನಾವು ವಾರ್ಡಿಗೆ ಕಾಲಿಟ್ಟರೆ ಸಾಕು, ಎಚ್ಚರವಾಗಿದ್ದವರೂ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದರು. ನನಗೆ ಅಲ್ಲಿ 'ವಲಿಯಮ್ಮ' ಎಂದು ಹೆಸರಿಟ್ಟಿದ್ದರು. ತಮಿಳಿನಲ್ಲಿ ವಲಿ ಎಂದರೆ ನೋವು. ಹೊಸ ರೋಗಿಗಳು ಅದು ವಳ್ಳಿಯಮ್ಮ ಎಂಬ ನಿಜವಾದ ಹೆಸರೇ ಇರಬೇಕೆಂದುಕೊಂಡು, "ವಳ್ಳಿಯಮ್ಮಾ, ಇನ್ನೈಕ್ಕು ವೇಣ್ಡಾಂ," ಇವತ್ತು ಬೇಡ ಎಂದು ಕೈ ಮುಗಿಯುತ್ತಿದ್ದರು.

ನನಗೆ ಯಾವಾಗ ಬಡ್ತಿ ಬಂತು, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ನಮ್ಮ ಆಸ್ಪತ್ರೆಯ ಒಳಗೆ ನಾಯಿಯೊಂದು ಹೇಗೆ ಬಂತು, ಅದಕ್ಕಾಗಿ ಯಾರು ಯಾರು ಏನು ಮಾಡಿದರು ಎಂಬುದನ್ನು ಹೇಳದೆ ಇದ್ದರೆ ನಾನು ಕೆಲಸ ಮಾಡಿದ ವರ್ಷಗಳಿಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಮೊದಲ ಸಲ ಬಂದ ನಾಯಿ ಒಳಗೆ ಬರಲೇ ಇಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್. ಸಂಗೀತ ಕಛೇರಿಗಳನ್ನು ಕೇಳಲು ಚೆನ್ನೈಗೆ ಬಂದಿದ್ದ ವಿದೇಶಿ ಮಹಿಳೆಯೊಬ್ಬರು ಕಛೇರಿಯ ಸಭಾಂಗಣದ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ನಮ್ಮಲ್ಲಿಗೆ ಬಂದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕರಿಯ ಲ್ಯಾಬ್ರಡಾರ್ ನಾಯಿ, ಅದರ ಬೆನ್ನಿನ ಮೇಲೆ ಹಿಡಿದುಕೊಳ್ಳಲು ಒಂದು ಹಿಡಿಕೆ. ಕಣ್ಣು ಕಾಣದವರನ್ನು ನಡೆಸಿಕೊಂಡು ಹೋಗಲು ಪಳಗಿಸಿದ ನಾಯಿ ಎಂಬುದು ಇರುತ್ತದೆಂದು ಅವತ್ತು ಗೇಟಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕಾವಲುಗಾರ ಮೇಲಿನವರಿಗೆ ಫೋನು ಮಾಡಿದ. ಪ್ರಾಣಿಗಳನ್ನು ಬಿಡಬೇಡ ಎಂದು ಅಪ್ಪಣೆಯಾಯಿತು. ನಾಯಿಯನ್ನು ಸೈಕಲ್ ಸ್ಟ್ಯಾಂಡಿನಲ್ಲಿ ಕಟ್ಟಿ, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಎಕ್ಸ್‌ರೇಗೆ ಕಳಿಸಿದರು. ಮಧ್ಯೆ ಅವರಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಆಯಾ ಒಬ್ಬಳು ಕುಂಟಿಸಿಕೊಂಡು ಕರೆದುಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟಳು. ಅಷ್ಟರಲ್ಲಿ ಬೇರೆ ಯಾರೋ ಕರೆದರೆಂದು ಹೊರಟುಹೋದಳು. ಆ ತಾಯಿ ಗೋಡೆ ತಡವುತ್ತ, ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಗಂಡಸರ ವಾರ್ಡಿನ ನಡುವೆ ಬಂದು ನಿಂತಿದ್ದಾಗ ನಾನು ನೋಡಿದೆ. ಓಡಿಹೋಗಿ ಹಿಡಿದುಕೊಂಡೆ. ಅವರು ಒಂದೇ ಮಾತು ಹೇಳಿದರು, ನನ್ನ ನಾಯಿಯ ಹತ್ತಿರ ಕರೆದುಕೊಂಡು ಹೋಗಿ ಎಂದು. ಕಾಲಿಗೆ ಕಟ್ಟು ಹಾಕಿಸಿಕೊಳ್ಳದೆಯೇ ಟ್ಯಾಕ್ಸಿ ಹತ್ತಿ ಹೊರಟುಹೋದರು.

ನಮ್ಮ ಮೂಳೆ ವಿಭಾಗದ ಮುಖ್ಯಸ್ಥರಾಗಿದ್ದವರು ಡಾಕ್ಟರ್ ಸುಂದರೇಶನ್. ಮುಂಗೋಪಿ, ಕೈಚಳಕದವರು, ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವವರು. ಮರುದಿನ ವಿಷಯ ತಿಳಿದು, "ಕಾಲು ನೋವೆಂದು ಬಂದವರ ಇನ್ನೊಂದು ಕಾಲನ್ನೂ ಗೇಟಿನಲ್ಲಿ ಕಟ್ಟಿಹಾಕಿದಿರಲ್ಲಯ್ಯಾ," ಎಂದು ಎಲ್ಲರೆದುರಿಗೆ ಹೇಳಿದರು. ಆದರೆ ಅದಕ್ಕೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇನ್ನೊಮ್ಮೆ ಅಂಥವರು ಬಂದಾರೆಂದು ಯಾರೂ ಎಣಿಸಿರಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಮುನಿಸ್ವಾಮಿ ಬಂದರು. ವಡಪಳನಿಯ ಸ್ಟುಡಿಯೋಗಳಲ್ಲಿ ಸಿನಿಮಾಕ್ಕೆ ನಾಯಿ ಪಳಗಿಸುತ್ತಿದ್ದವರು. ಕನ್ನಡ ಚಿತ್ರಗಳೂ ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಹೊಸಕೋಟೆ ಕಡೆಯಿಂದ ಬಂದು, ಆಮೇಲೆ ಚಿತ್ರಗಳೆಲ್ಲ ಬೆಂಗಳೂರಿಗೆ ಹೋದರೂ ತಾವು ಇಲ್ಲೇ ಉಳಿದವರು. ಗ್ಲಾಕೋಮಾದಿಂದ ಮೆಲ್ಲಮೆಲ್ಲಗೆ ದೃಷ್ಟಿ ಹೋಯಿತು. ಪೂರ್ತಿ ಹೋಗುವ ಮುಂಚೆ, ಸಿನಿಮಾಕ್ಕೆಂದು ತಂದಿದ್ದ ಒಂದು ಮಿಶ್ರತಳಿಯ ಮರಿಯನ್ನು ತಮಗಾಗಿಯೇ ಪಳಗಿಸಿಕೊಂಡರು. ಅದು ಮಣಿ. ಚೆನ್ನೈಯಲ್ಲಿ ಬೀದಿಗೊಂದು ಮಣಿ ಇದ್ದೇ ಇರುತ್ತದೆ. ಆದರೆ ಈ ಮಣಿ ಮೆಟ್ಟಿಲು ಬಂದರೆ ನಿಲ್ಲುತ್ತಿತ್ತು, ಆಟೋ ಬಂದರೆ ಅಡ್ಡ ನಿಂತು ಯಜಮಾನನನ್ನು ತಡೆಯುತ್ತಿತ್ತು, ಟೀ ಅಂಗಡಿಗೂ ಮುರುಗನ ಗುಡಿಯ ಬೀದಿಗೂ ಕರೆದುಕೊಂಡು ಹೋಗಿ ಬರುತ್ತಿತ್ತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ನೋಡಿದಾಗ ಅವರು ಬಲ ತೊಡೆಯ ಕೀಲು ಮುರಿದು, ಲೋಹದ ಕೀಲು ಹಾಕಿಸಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ ಎಪ್ಪತ್ತರ ಹತ್ತಿರದ ಮನುಷ್ಯ, ಅಷ್ಟೆ. ಆ ಹೊತ್ತಿಗೆ ನಮ್ಮ ವಿಧಾನ ಬದಲಾಗಿತ್ತು. ಆಪರೇಶನ್ ಆದ ಮರುದಿನವೇ ಕೂರಿಸಬೇಕು, ಆದಷ್ಟು ಬೇಗ ನಿಲ್ಲಿಸಬೇಕು. ಇವರು ಏಳಲು ಒಪ್ಪಲಿಲ್ಲ. ಉಸಿರೆಳೆದರೆ ಚೆಂಡು ಮೇಲಕ್ಕೇಳುವ ಪ್ಲಾಸ್ಟಿಕ್ ಡಬ್ಬಿಯನ್ನು ಕೈಗೆ ಕೊಟ್ಟರೆ ಪಕ್ಕಕ್ಕೆ ಇಟ್ಟುಬಿಡುತ್ತಿದ್ದರು. ಎದೆಯಲ್ಲಿ ಕಫ ಕಟ್ಟತೊಡಗಿತು. "ಇವರು ಹೀಗೇ ಮಲಗಿದರೆ ಕಾಲು ಸರಿ ಹೋದದ್ದನ್ನು ನೋಡಲು ಉಳಿಯುವುದಿಲ್ಲ," ಎಂದು ಡಾಕ್ಟರ್ ಸುಂದರೇಶನ್ ನನಗೆ ಕಟುವಾಗಿಯೇ ಹೇಳಿದರು.

ನಾನು ತಮಿಳಿನಲ್ಲಿ ಪುಸಲಾಯಿಸಿದೆ, ಗದರಿದೆ. ಉತ್ತರವಿಲ್ಲ. ಒಂದು ಮಧ್ಯಾಹ್ನ ಎದೆ ತಟ್ಟಿ ಕಫ ಸಡಿಲಿಸಲೆಂದು ಹೋದಾಗ ಅವರಿಗೆ ಮಂಪರು ಹತ್ತಿತ್ತು. ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಂತೆ ಇತ್ತು. "ನಿಲ್ಲು ಮಗಾ, ನಿಲ್ಲು. ನಂದೇ ತಪ್ಪು," ಎಂದರು. ಅಚ್ಚ ಕನ್ನಡ!

"ಯಾರನ್ನ ನಿಲ್ಲು ಅಂತಿದ್ದೀರಿ ಮುನಿಸ್ವಾಮಿಯವರೇ?" ಎಂದೆ.

ಅವರು ಎಚ್ಚರಗೊಂಡು ನನ್ನ ಧ್ವನಿಯ ಕಡೆ ಮುಖ ತಿರುಗಿಸಿದರು. ಆಸ್ಪತ್ರೆಗೆ ಬಂದಮೇಲೆ ಮೊದಲ ಸಲ ಗೋಡೆಯನ್ನು ಬಿಟ್ಟು ಈಚೆ ತಿರುಗಿದ್ದು.

"ನೀವು ನಮ್ಮೋರಾ? ಇಷ್ಟ್ ದಿನ ಯಾಕಮ್ಮ ಹೇಳ್ಲಿಲ್ಲ?"

"ನೀವು ಮಾತೇ ಆಡ್ಲಿಲ್ಲವಲ್ಲ, ಯಾವ ಊರಿನವರು ಅಂತ ನನಗೆ ಹ್ಯಾಗೆ ಗೊತ್ತಾಗ್ಬೇಕು?"

ಆಗ ಹೇಳಿದರು. ಕೇಬಲ್ ಹಾಕಲು ರಸ್ತೆ ಅಗೆದಿದ್ದರು. ಮಣಿ ಗುಂಡಿಯ ಅಂಚಿನಲ್ಲಿ ನಿಂತ. ಇವರು ಅದೇ ದಾರಿಯಲ್ಲಿ ದಿನಾ ಹೋಗುವವರು, ಅಲ್ಲೇನಿದೆ ಎಂದು ಬೈದು, ಅವನನ್ನು ಪಕ್ಕಕ್ಕೆ ತಳ್ಳಿ ಹೆಜ್ಜೆ ಇಟ್ಟರು.

"ನಾಯಿ ಸರ್ಯಾಗೇ ಹೇಳ್ತು. ನಾನೇ ಕೇಳ್ಲಿಲ್ಲ. ಈಗ ಅವನ್ನೇ ಕೊಟ್ಬುಡ್ತಾರಂತೆ."

"ಯಾರು ಕೊಡ್ತಾರೆ?"

"ನನ್ ಮಗಳು. ಬುಡಮ್ಮ. ಮಣಿ ಇಲ್ದೆ ನಡ್ಕೊಂಡು ಎಲ್ಲಿಗೋಗ್ಬೇಕು ನಾನು? ಮಲಗಿದ್ರೂ ಒಂದೇ, ಎದ್ರೂ ಒಂದೇ."

ಮಗಳು ಸೆಲ್ವಿ ಟಿವಿ ಸೀರಿಯಲ್‌ಗಳಲ್ಲಿ ಕೇಶಾಲಂಕಾರ ಮಾಡುವವಳು. ತಾಯಿ ಇಲ್ಲ, ಮದುವೆ ಮುರಿದುಹೋಗಿತ್ತು. ಬೆಳಗಾಗುತ್ತಲೇ ಶೂಟಿಂಗಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಸಂಜೆ ಅವಳು ಬಂದಾಗ ವರಾಂಡಕ್ಕೆ ಕರೆದು ಮಾತಾಡಿದೆ.

"ನಾಯಿ ವೇಣ್ಡಾಂ ಮೇಡಂ," ಎಂದಳು. ಅಪ್ಪನನ್ನು ಗುಂಡಿಗೆ ಬೀಳಿಸಿದ ನಾಯಿಯನ್ನು ನಂಬಿ ಮತ್ತೆ ಹೇಗೆ ಬಿಡಲಿ? ನಾನಿಲ್ಲದಾಗ ಅದು ಒಂದೇ ಸಮ ಬೊಗಳುತ್ತದೆ, ಮನೆಯ ಮಾಲೀಕರು ನಾಯಿಯನ್ನು ಕಳಿಸು, ಇಲ್ಲ ಮನೆ ಬಿಡು ಎನ್ನುತ್ತಿದ್ದಾರೆ. ಪೂಂದಮಲ್ಲಿ ಕಡೆ ತೋಟ ಇರುವವರೊಬ್ಬರು ಮಣಿಯನ್ನು ಸಾಕುತ್ತೇನೆಂದಿದ್ದಾರೆ. ಅಪ್ಪ ನಡೆಯದಿದ್ದರೆ ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು, ಇಲ್ಲ ಅವರನ್ನು ಯಾವುದಾದರೂ ಆಶ್ರಮದಲ್ಲಿ ಬಿಡಬೇಕು. ಹೇಳುತ್ತ ಹೇಳುತ್ತ ಅಳು ಬಂತು. ಅಳುತ್ತಲೇ ನನ್ನ ಸಡಿಲವಾಗಿದ್ದ ಜಡೆಯ ಪಿನ್ನನ್ನು ಸರಿ ಮಾಡಿದಳು, ಕೈಯ ಅಭ್ಯಾಸ. ಅವಳು ಕಲ್ಲುಮನಸ್ಸಿನವಳಲ್ಲ, ದಾರಿ ಕಾಣದವಳು ಎಂದು ನನಗೆ ಅರ್ಥವಾಯಿತು.

"ಅಪ್ಪ ನಾಯಿ ಹಿಡಿದು ನಡೆಯೋದನ್ನ ನಿನ್ನ ಕಣ್ಣಾರೆ ನೋಡೋ ತನಕ ಕೊಡಬೇಡ. ಆಮೇಲೆ ನಿನ್ನಿಷ್ಟ," ಎಂದೆ. ಅವಳು ತಲೆಯಾಡಿಸಿದಳು.

ಮರುದಿನ ಡಾಕ್ಟರ್ ಸುಂದರೇಶನ್ ಹತ್ತಿರ ಹೋದೆ. ನಾಯಿ ಆಸ್ಪತ್ರೆಗೆ ಬರಬೇಕು ಎಂದೆ. ಅವರು ನನ್ನನ್ನೇ ನೋಡಿದರು. ಅವರಿಗೂ ಸೈಕಲ್ ಸ್ಟ್ಯಾಂಡಿನ ನೆನಪು ಬಂದಿರಬೇಕು. "ನನ್ನ ಅಡ್ಡಿ ಇಲ್ಲ. ಗ್ರೇಸ್ ಸಿಸ್ಟರ್ ಒಪ್ಪಬೇಕು," ಎಂದರು.

ಗ್ರೇಸ್ ಸಿಸ್ಟರ್ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್. ನಾಗರಕೋಯಿಲ್‌ನವರು. ಅವರ ಬಿಳಿ ಸೀರೆಯ ಅಂಚು ಬಾಗಿಲಲ್ಲಿ ಕಂಡರೆ ವಾರ್ಡಿನ ಕಸದ ಡಬ್ಬಿಗಳೂ ನೆಟ್ಟಗೆ ನಿಲ್ಲುತ್ತವೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನನ್ನ ಮಾತನ್ನೆಲ್ಲ ಕೇಳಿ ಆಗುವುದಿಲ್ಲ ಎಂದರು. ಸುಮ್ಮನೆ ಹಟಕ್ಕೆ ಹೇಳಿದ್ದಲ್ಲ. ಆ ವಾರ್ಡಿನಲ್ಲಿ ಹಸಿ ಗಾಯದವರಿದ್ದಾರೆ, ಉಬ್ಬಸದವರಿದ್ದಾರೆ, ನಾಯಿ ಕಂಡರೆ ಕಿರುಚುವ ಮಕ್ಕಳಿದ್ದಾರೆ, ಅವರ ಹೊಣೆ ಯಾರದು ಎಂದರು. ಎಲ್ಲವೂ ನಿಜ. ನಾನು ವಾದ ಮಾಡಲಿಲ್ಲ. "ನೀವೇ ಒಂದು ದಾರಿ ಹೇಳಿ ಸಿಸ್ಟರ್. ಇಲ್ಲವಾದರೆ ಮುನಿಸ್ವಾಮಿ ಏಳುವುದಿಲ್ಲ," ಎಂದಷ್ಟೆ ಹೇಳಿ ಕೂತೆ.

ಅವರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ನಾಯಿ ವಾರ್ಡಿಗೆ ಬರಕೂಡದು, ಫಿಸಿಯೋಥೆರಪಿ ಕೋಣೆಗೆ ತೋಟದ ಕಡೆಯ ಹಿಂಬಾಗಿಲಿನಿಂದ ಬರಲಿ. ಮುನಿಸ್ವಾಮಿಯ ಹೊಲಿಗೆ ಬಿಚ್ಚಿ, ಗಾಯ ಒಣಗಿದೆಯೆಂದು ತಾವೇ ನೋಡಬೇಕು. ಪಶುವೈದ್ಯರು ಪರೀಕ್ಷಿಸಿ ಚುಚ್ಚುಮದ್ದು ಹಾಕಿರಬೇಕು. ಬರುವ ದಿನ ನಾಯಿಗೆ ಸ್ನಾನವಾಗಿರಬೇಕು. ಉಳಿದ ರೋಗಿಗಳು ಹೋದಮೇಲೆ ಬರಬೇಕು, ನಾಯಿ ಹೋದಮೇಲೆ ನೆಲ ತೊಳೆಯಬೇಕು. ಮುಟ್ಟಿದವರೆಲ್ಲ ಕೈ ತೊಳೆಯಬೇಕು. ಕೊನೆಗೆ, "ನಾನು ಅಲ್ಲಿ ಇರುತ್ತೇನೆ. ಆದರೆ ದೂರ ಇರುತ್ತೇನೆ," ಎಂದರು. ಚಿಕ್ಕಂದಿನಲ್ಲಿ ಅವರಿಗೆ ಹುಚ್ಚುನಾಯಿ ಕಚ್ಚಿ ಹೊಕ್ಕುಳ ಸುತ್ತ ಇಂಜೆಕ್ಷನ್ ಚುಚ್ಚಿದ್ದರಂತೆ. ನಾಯಿ ಎಂದರೆ ಇವತ್ತಿಗೂ ಕೈಕಾಲು ನಡುಗುತ್ತವೆ ಎಂದು ಮೆಲ್ಲಗೆ ಹೇಳಿದರು. ಇಷ್ಟು ಭಯವಿದ್ದವರು ಒಪ್ಪಿಕೊಂಡರಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ.

ಮುನಿಸ್ವಾಮಿಗೆ ಹೋಗಿ ಹೇಳಿದೆ. "ಮಣಿ ಬರ್ತಾನೆ. ಆದರೆ ನೀವು ಅಷ್ಟರಲ್ಲಿ ಕೂರೋದು, ನಿಲ್ಲೋದು ಕಲ್ತಿರಬೇಕು." ಅವರು ಕೈ ಚಾಚಿ ಆ ಪ್ಲಾಸ್ಟಿಕ್ ಡಬ್ಬಿಯನ್ನು ಹುಡುಕಿದರು. ಅವರಿಗೆ ಚೆಂಡು ಕಾಣದಿದ್ದರೂ ಅದು ಮೇಲೆ ಹೋಗಿ ಟಕ್ ಎನ್ನುವುದು ಕೇಳುತ್ತಿತ್ತು. ಅವತ್ತು ಸಂಜೆ ಆ ವಾರ್ಡಿನಲ್ಲೆಲ್ಲ ಟಕ್ ಟಕ್ ಎಂಬ ಸದ್ದು.

ಹೊಲಿಗೆ ಬಿಚ್ಚಿದ ಮೇಲೆ ಸೆಲ್ವಿ ಆಟೋದಲ್ಲಿ ಮಣಿಯನ್ನು ಕರೆತಂದಳು. ಬೂದು ಬಣ್ಣ, ಒಂದು ಕಿವಿ ಮಡಿಸಿಕೊಂಡ, ಸಾಧಾರಣ ಎತ್ತರದ ನಾಯಿ. ಸ್ನಾನದ ಸೋಪಿನ ವಾಸನೆ ಬರುತ್ತಿತ್ತು. ಗಾಲಿಕುರ್ಚಿಯಲ್ಲಿದ್ದ ಯಜಮಾನನನ್ನು ಕಂಡದ್ದೇ ನುಣುಪು ಮೊಸಾಯಿಕ್ ನೆಲದ ಮೇಲೆ ಜಾರುತ್ತ ಓಡಿಬಂತು. ಮುನಿಸ್ವಾಮಿ ಎರಡೂ ಕೈ ಚಾಚಿ ಅದರ ಕಡೆ ಬಗ್ಗಿದರು. ಹೊಸ ಕೀಲು ಹಾಕಿಸಿಕೊಂಡವರು ಹಾಗೆ ಬಗ್ಗಿದರೆ ಕೀಲು ತಪ್ಪಿಹೋಗುತ್ತದೆ. ನಾನು ಗಾಬರಿಯಲ್ಲಿ "ನಿಲ್ಲು!" ಎಂದು ಕೂಗಿಬಿಟ್ಟೆ.

ಮುನಿಸ್ವಾಮಿ ನಿಲ್ಲಲಿಲ್ಲ. ನಾಯಿ ನಿಂತಿತು. ಒಂದು ಮುಂಗಾಲು ಎತ್ತಿಕೊಂಡಂತೆಯೇ ಬೊಂಬೆಯ ಹಾಗೆ ನಿಂತು, ನನ್ನನ್ನು ನೋಡಿತು.

ಮುನಿಸ್ವಾಮಿ ಗಟ್ಟಿಯಾಗಿ ನಕ್ಕರು. ಅವರು ನಗುವುದನ್ನು ನಾನು ಕಂಡದ್ದು ಆಗಲೇ. "ಅವನ್ಗೆ ಕನ್ನಡಾನೇ ಬರೋದು ಮೇಡಂ! ತಮಿಳು ಸೆಟ್ನಲ್ಲಿ ಎಲ್ರೂ ತಮಿಳ್ನಲ್ಲಿ ಕೂಗಾಡ್ತಾರಲ್ಲ, ನಾಯ್ಗೆ ತಲೆ ಕೆಟ್ಟೋಗ್ತದೆ. ಅದ್ಕೇ ನಾನು ನಾಯ್ಗುಳ್ಗೆಲ್ಲ ಕನ್ನಡ ಕಲ್ಸೋದು. ಕನ್ನಡ ಪಿಕ್ಚರ್ ಇದ್ರೆ ತೆಲುಗು."

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು. ನಾನು ಮುನಿಸ್ವಾಮಿಗೆ ನಿಲ್ಲಿ, ಕೂತುಕೊಳ್ಳಿ, ತಿರುಗಿ ಎಂದರೆ ಪಾಪ ಮಣಿ ಕೂರುತ್ತಿತ್ತು, ಏಳುತ್ತಿತ್ತು. ಹಾಗಾಗಿ ಮಣಿ ಕೋಣೆಯಲ್ಲಿರುವಷ್ಟು ಹೊತ್ತು ಕನ್ನಡದವರಾದ ನಾವಿಬ್ಬರೂ ತಮಿಳಿನಲ್ಲೇ ಮಾತಾಡಬೇಕೆಂದು ತೀರ್ಮಾನವಾಯಿತು. ಕನ್ನಡ ಪೂರ್ತಿಯಾಗಿ ನಾಯಿಯ ಪಾಲಾಯಿತು.

ಆ ಮೊದಲ ದಿನವೇ ಮಣಿ ನಮ್ಮ ಪ್ಯಾರಲಲ್ ಬಾರ್‌ನ, ಅಂದರೆ ರೋಗಿಗಳು ಹಿಡಿದು ನಡೆಯುವ ಜೋಡಿ ಕಂಬಿಯ, ಬುಡಕ್ಕೆ ಕಾಲೆತ್ತಿತು. ಎಲ್ಲರೂ ಗ್ರೇಸ್ ಸಿಸ್ಟರ್ ಕಡೆ ನೋಡಿದೆವು. ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ ಅವರು, "ಗಂಡಸರ ವಾರ್ಡಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಕಂಡಿದ್ದೇನೆ. ಫಿನಾಯಿಲ್ ತನ್ನಿ," ಎಂದರು.

ಮನೆಯಲ್ಲಿ ನನಗೆ ಬೇರೆ ಪರೀಕ್ಷೆ. ನಮ್ಮದು ತಲೆಮಾರುಗಳಿಂದ ತ್ರಿಪ್ಲಿಕೇನಿನಲ್ಲಿರುವ ಮಾಧ್ವ ಮನೆ. ಅಮ್ಮನ ಮಡಿ ಬಹಳ ಬಿಗಿ. ನನ್ನ ಸೀರೆಗೆ ಅಂಟಿದ್ದ ಬೂದು ಕೂದಲನ್ನು ಕಂಡಳು.

"ಏನೇ ವಸು, ಇದು ಯಾರ ಕೂದಲು?"

"ನಾಯಿದಮ್ಮ."

"ಕೃಷ್ಣ ಕೃಷ್ಣ! ಅಲ್ಲೇ ನಿಲ್ಲು. ಹಿತ್ತಲ ಕಡೆಯಿಂದ ಬಾ. ತಲೆಗೆ ನೀರು ಹಾಕ್ಕೊಳ್ಳದೆ ಒಳಗೆ ಕಾಲಿಡಬೇಡ."

ಅಂದಿನಿಂದ ಮಣಿ ಬಂದ ದಿನಗಳಲ್ಲಿ ನನಗೆ ಹಿತ್ತಲ ಸ್ನಾನ. ಆದರೆ ಅಮ್ಮ ಹೊರಗೆ ಬಟ್ಟೆ ಹಿಡಿದು ನಿಂತು, ನೀರಿನ ಸದ್ದಿನ ನಡುವೆ, "ಇವತ್ತು ಎಲ್ಲಿ ತನಕ ನಡೆದ್ರೇ ಆ ಮುದುಕರು?" ಎಂದು ಕೇಳುತ್ತಿದ್ದಳು. ನಾನು ಒಳಗಿಂದ ಕೂಗಿ ಹೇಳಬೇಕು. ಹೇಳುವವರೆಗೆ ಟವೆಲ್ ಕೊಡುತ್ತಿರಲಿಲ್ಲ.

ನಿಜವಾದ ತೊಡಕು ಮುಂದಿತ್ತು. ಮುನಿಸ್ವಾಮಿ ಮನೆಗೆ ಹೋಗಿ, ವಾಕರ್ ಹಿಡಿದು ನಡೆಯಲು ಕಲಿತು, ಆಟೋದಲ್ಲಿ ನಮ್ಮಲ್ಲಿಗೆ ಬಂದು ಹೋಗತೊಡಗಿದರು. ಸೆಲ್ವಿ ಹೇಗೋ ಬೇಡಿಕೊಂಡು ಮನೆಯ ಮಾಲೀಕರನ್ನು ತಡೆದಿದ್ದಳು. ಇನ್ನು ವಾಕರ್ ಬಿಟ್ಟು ಕೋಲಿಗೆ ಬರಬೇಕು. ಈಗ ಸೇರಿರುವ ಹುಡುಗಿಯರಿಗೆ ಇದು ಮೊದಲ ವರ್ಷದ ಪಾಠ: ಬಲಗಾಲಿಗೆ ಪೆಟ್ಟಾದರೆ ಕೋಲು ಎಡಗೈಯಲ್ಲಿರಬೇಕು. ಆದರೆ ಮುನಿಸ್ವಾಮಿಯ ಎಡಗೈ ಮಣಿಯದು. ನಾಯಿಯ ಹಿಡಿಕೆ ಹಿಡಿಯುವುದು ಎಡಗೈ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯುವಂತಿಲ್ಲ.

"ಕೋಲು ಬಲಗೈಗೆ ಕೊಡಿ ಮೇಡಂ," ಎಂದರು.

"ಆಗೋದಿಲ್ಲ. ನಾಯಿ ಬಲಗಡೆಗೆ ಬರಲಿ," ಎಂದೆ.

"ನಾನು ಪಳಗಿಸಿದ ಒಂದ್ ನಾಯೀನೂ ಬಲಗಡೆ ನಡೆದಿಲ್ಲ."

"ನಾನು ನಡೆಸಿದ ಒಬ್ಬ ರೋಗಿಯೂ ಕೋಲು ತಪ್ಪು ಕೈಯಲ್ಲಿ ಹಿಡಿದಿಲ್ಲ."

ಮುಖ ಊದಿಸಿಕೊಂಡು ಕೂತರು. ನಾನು ಕೋಲನ್ನು ಅವರ ಬಲಗೈಗೇ ಕೊಟ್ಟು ನಡೆಯಿರಿ ಎಂದೆ. ನಾಲ್ಕಾರು ಹೆಜ್ಜೆ ಹೋಗುವಷ್ಟರಲ್ಲಿ ಸೊಂಟ ವಾಲಿ, ನೋವಿನಿಂದ ಹಲ್ಲು ಕಚ್ಚಿದರು. ಆಮೇಲೆ ಎಡಗೈಗೆ ಕೊಟ್ಟೆ. ಅದೇ ದೂರವನ್ನು ನೆಟ್ಟಗೆ ನಡೆದರು. ಕೊನೆಯಲ್ಲಿ ನಿಂತು ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. "ಸರಿ. ಮಣಿ ಹೊಸದಾಗಿ ಸ್ಕೂಲಿಗೆ ಸೇರ್ಬೇಕು. ನಾನೂನು," ಎಂದರು.

ಮರುದಿನದಿಂದ ನಾನು ನೋಡಿದ್ದು ಒಬ್ಬ ಕುಶಲಿಯ ಕೆಲಸ. ಸ್ಟೂಲಿನ ಮೇಲೆ ಕೂತು, ಮಣಿಯನ್ನು ಬಲಗಡೆ ನಿಲ್ಲಿಸಿಕೊಂಡು, ಪೊರೈ ಚೂರು ಕೊಡುವರು. ಪೊರೈ ಎಂದರೆ ಚೆನ್ನೈ ಟೀ ಅಂಗಡಿಗಳಲ್ಲಿ ಸಿಗುವ ರಸ್ಕಿನಂಥ ಗಟ್ಟಿ ಬಿಸ್ಕತ್ತು, ಬೀದಿನಾಯಿಗಳಿಗೆಲ್ಲ ಪ್ರಾಣ. ಮಣಿ ಎಡಕ್ಕೆ ಹೋದರೆ ಬೈಯುತ್ತಿರಲಿಲ್ಲ, ಸುಮ್ಮನೆ ಇರುತ್ತಿದ್ದರು. ಬಲಕ್ಕೆ ಬಂದರೆ "ಹ್ಞಾ ಮಗಾ" ಎಂದು ಚೂರು ಕೊಡುತ್ತಿದ್ದರು. ನೆಲದ ಮೇಲೆ ಉಗುರು ಟಿಕಟಿಕ ಎನ್ನುವುದರಿಂದಲೇ ಅದು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ಅವರಿಗೆ ತಿಳಿಯುತ್ತಿತ್ತು. ನಮ್ಮಲ್ಲಿ ಪೋಲಿಯೋ ಮಕ್ಕಳ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಮಾಡುವ ಕಾರ್ಯಾಗಾರವಿತ್ತು. ಅಲ್ಲಿನವರು ಅದೇ ಚರ್ಮ, ಅದೇ ಅಲ್ಯೂಮಿನಿಯಂ ಪಟ್ಟಿಯಿಂದ ಬಲಗೈಗೆ ಹೊಂದುವ ಹೊಸ ಹಿಡಿಕೆ ಮಾಡಿಕೊಟ್ಟರು. ಯಾರೂ ಕೇಳದೆಯೇ ಮೂಲೆಗಳನ್ನು ನಯವಾಗಿ ಉಜ್ಜಿ ಕೊಟ್ಟಿದ್ದರು.

ಎಲ್ಲ ಚೆನ್ನಾಗಿಯೇ ಸಾಗುತ್ತಿದ್ದಾಗ ಒಂದು ದಿನ ಮಣಿಗೆ ಹಳೆಯ ಅಭ್ಯಾಸ ನೆನಪಾಯಿತು. ನಡೆಯುತ್ತಿದ್ದಂತೆ ತಟ್ಟನೆ ಯಜಮಾನನ ಮುಂದಿನಿಂದಲೇ ಹಾದು ಎಡಕ್ಕೆ ಬಂತು. ಕೋಲು ಅದರ ಕಾಲಿಗೆ ಸಿಕ್ಕಿತು. ಮುನಿಸ್ವಾಮಿ ಮುಗ್ಗರಿಸಿದರು. ಅವರ ಸೊಂಟಕ್ಕೆ ಕಟ್ಟಿದ್ದ ಬೆಲ್ಟನ್ನು ನಾನು ಹಿಡಿದಿದ್ದರಿಂದ ಇಬ್ಬರೂ ಗೋಡೆಗೆ ಒರಗಿ ನಿಂತೆವು, ಬೀಳಲಿಲ್ಲ. ಆದರೆ ಬಾಗಿಲಲ್ಲಿ ಡಾಕ್ಟರ್ ಸುಂದರೇಶನ್ ನಿಂತಿದ್ದರು.

"ಸಾಕು," ಎಂದರು. ಮುಖ ಬಿಳಚಿಕೊಂಡಿತ್ತು. "ಇನ್ನೊಮ್ಮೆ ಬಿದ್ದರೆ ನಾನು ರಿಪೇರಿ ಮಾಡಲಾರೆ. ನಾಳೆಯಿಂದ ನಾಯಿ ಬೇಡ."

ಮುನಿಸ್ವಾಮಿಯ ಕೈ ನನ್ನ ತೋಳಿನ ಮೇಲಿತ್ತು. ಆ ಕೈ ಕೆಳಗಿಳಿದು ನಾಯಿಯ ಹಿಡಿಕೆಯನ್ನು ಹುಡುಕಿತು. ಅಷ್ಟರಲ್ಲಿ ಮೂಲೆಯಿಂದ ಗ್ರೇಸ್ ಸಿಸ್ಟರ್ ಮಾತಾಡಿದರು.

"ಡಾಕ್ಟರ್, ಹೋದ ವಾರ ವಾಕರ್ ಹಿಡಿದಿದ್ದ ಅಜ್ಜಿ ಬಿದ್ದರು. ವಾಕರ್ ಬೇಡ ಎಂದಿರಾ?"

"ವಾಕರ್‌ಗೆ ತಾನಾಗಿ ಓಡುವ ಬುದ್ಧಿ ಇಲ್ಲ ಸಿಸ್ಟರ್."

"ಗುಂಡಿ ಕಂಡರೆ ನಿಲ್ಲುವ ಬುದ್ಧಿಯೂ ಇಲ್ಲ. ಈ ಮನುಷ್ಯ ನಾಳೆ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಆಗ ನೀವೂ ಇರುವುದಿಲ್ಲ, ವಸುಧಾನೂ ಇರುವುದಿಲ್ಲ. ನಾಯಿ ಇಲ್ಲಿ ತಪ್ಪು ಮಾಡಿ ಕಲಿಯಲಿ, ನಾವು ಹಿಡಿದುಕೊಳ್ಳೋಣ. ರಸ್ತೆಯಲ್ಲಿ ಕಲಿಯುವುದು ಬೇಡ."

ನಾಯಿಯನ್ನು ಕಂಡರೆ ನಡುಗುವ ಹೆಂಗಸು ನಾಯಿಯ ಪರವಾಗಿ ವಾದಿಸುತ್ತಿದ್ದರು. ಡಾಕ್ಟರ್ ಸುಂದರೇಶನ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಬೆಲ್ಟನ್ನು ಇಬ್ಬರು ಹಿಡಿದುಕೊಳ್ಳಿ," ಎಂದು ಹೇಳಿ ಹೊರಟುಹೋದರು. ಮರುದಿನದಿಂದ ಬೆಲ್ಟಿನ ಇನ್ನೊಂದು ತುದಿ ಹಿಡಿಯಲು ಬಂದವರು ಅವರೇ. ಹೊರರೋಗಿಗಳು ಮುಗಿದ ಮೇಲೆ, ಕೋಟು ಬಿಚ್ಚಿಟ್ಟು ಬರುತ್ತಿದ್ದರು.

ಕೆಲವು ವಾರಗಳಾದ ಮೇಲೆ ಒಂದು ದಿನ ಸೆಲ್ವಿಯನ್ನು ಶೂಟಿಂಗಿಗೆ ರಜಾ ಹಾಕಿ ಬಾ ಎಂದೆ. ಬೆಲ್ಟ್ ಇಲ್ಲ. ಮುನಿಸ್ವಾಮಿಯ ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಹಿಡಿಕೆ. ನಮ್ಮ ಕೋಣೆಯಿಂದ ಹೊರಟು, ತೋಟ ಸುತ್ತಿ, ಇಳಿಜಾರು ಹತ್ತಿ, ಮುಂಬಾಗಿಲಿನ ಪೋರ್ಟಿಕೋಗೆ ಬರಬೇಕು. ಸೆಲ್ವಿ ಪೋರ್ಟಿಕೋದಲ್ಲಿ ನಿಂತಿದ್ದಳು. ನಾನು ಹಿಂದೆ, ಕೈಗೆ ಸಿಗುವಷ್ಟು ದೂರದಲ್ಲಿ. ಇಳಿಜಾರಿನ ತಿರುವಿನಲ್ಲಿ ಮಣಿ ನಿಂತಿತು. ಎದುರಿಗೆ ಏನೂ ಕಾಣಲಿಲ್ಲ. ಮುನಿಸ್ವಾಮಿ ನಿಂತರು. ಬೈಯಲಿಲ್ಲ, ತಳ್ಳಲಿಲ್ಲ, ಕಾದರು. ಗೋಡೆಯ ಮರೆಯಿಂದ ಊಟದ ತಳ್ಳುಗಾಡಿ ಗಡಗಡ ಎಂದು ಬಂದು ಅವರ ಮುಂದೆ ಹಾದುಹೋಯಿತು. ಆಮೇಲೆ ಮಣಿ ಹೊರಟಿತು, ಅವರೂ ಹೊರಟರು.

ಸೆಲ್ವಿಯ ಮುಂದೆ ಬಂದು ಮಣಿ ಕೂತಿತು. ಮುನಿಸ್ವಾಮಿ, "ಯಾರು, ಸೆಲ್ವಿಯಾ?" ಎಂದರು. ಅವಳು ಮೊದಲ ಸಲ ನನ್ನೆದುರಿಗೆ ಕನ್ನಡದಲ್ಲಿ ಮಾತಾಡಿದಳು. "ಹೌದಪ್ಪಾ. ನಾನು ಕೊಡಲ್ಲ ಅಪ್ಪಾ. ಮಣೀನ ಯಾರ್ಗೂ ಕೊಡಲ್ಲ." ಆ ತಿಂಗಳೇ ಅವಳು ಸಾಲಿಗ್ರಾಮಂನಲ್ಲಿ ನಾಯಿಗೆ ಒಪ್ಪುವ ಮಾಲೀಕರ ನೆಲಮಹಡಿ ಮನೆಯೊಂದನ್ನು ಹುಡುಕಿಕೊಂಡಳು.

ಅವತ್ತು ಹೊರಡುವ ಮುಂಚೆ ಗ್ರೇಸ್ ಸಿಸ್ಟರ್ ಹತ್ತಿರ ಬಂದು, ಮುಟ್ಟಬಹುದಾ ಎಂದು ಕೇಳಿದರು. ಮುನಿಸ್ವಾಮಿ ಹಿಡಿಕೆ ಬಿಚ್ಚಿ, "ಈಗ ಅವನ್ ಡ್ಯೂಟಿ ಮುಗೀತು, ಮುಟ್ಟಿ," ಎಂದರು. ಸಿಸ್ಟರ್ ಎರಡು ಬೆರಳಿನಿಂದ ಮಣಿಯ ನೆತ್ತಿಯನ್ನು ಮುಟ್ಟಿ, ಕೂಡಲೇ ಹೋಗಿ ಕೈ ತೊಳೆದುಕೊಂಡರು. ಮುಖದಲ್ಲಿ ಮಾತ್ರ ಏನೋ ಗೆದ್ದ ಹುಡುಗಿಯ ಸಂಭ್ರಮ.

ಅದಾದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ದಾರಿ ಸುಗಮವಾಯಿತು. ಕೆಲವು ವರ್ಷಗಳ ನಂತರ ಕಣ್ಣು ಕಾಣದ ಕಾಲೇಜು ಅಧ್ಯಾಪಕಿಯೊಬ್ಬರು ವಿದೇಶದಲ್ಲಿ ತರಬೇತಾದ ನಾಯಿಯೊಂದಿಗೆ ಮಂಡಿ ಆಪರೇಶನ್ನಿಗೆ ಬಂದಾಗ, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಕೊನೆಯ ಒಂಟಿ ಕೋಣೆ, ನೀರಿನ ಬಟ್ಟಲು, ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವ ಆಯಾ, ಎಲ್ಲ ಸಿದ್ಧ. ಎಲ್ಲ ಮುಗಿಯಿತೆಂದು ಬೀಗುತ್ತಿದ್ದಾಗ ಪಕ್ಕದ ಕೋಣೆಯಿಂದ ಚೀರಾಟ. ಅಲ್ಲಿದ್ದವರಿಗೆ ನಾಯಿ ಎಂದರೆ ಪ್ರಾಣಭಯ, ಅವರನ್ನು ಕೇಳಬೇಕೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗ್ರೇಸ್ ಸಿಸ್ಟರ್ ತಾವೇ ಹೋಗಿ ಕ್ಷಮೆ ಕೇಳಿ ಅವರನ್ನು ಬೇರೆ ಮಹಡಿಗೆ ಕರೆದೊಯ್ದರು. ಹುಡುಗಿಯರೇ, ಇದನ್ನು ನೆನಪಿಟ್ಟುಕೊಳ್ಳಿ. ನಾಯಿ ಬರುವ ಮುಂಚೆ ಅಕ್ಕಪಕ್ಕದವರನ್ನು ಕೇಳಿ.

ಈ ಅಧ್ಯಾಪಕಿಯ ವಿಷಯ ಹೇಳಿಬರೋಣವೆಂದು ಒಂದು ಭಾನುವಾರ ಸಾಲಿಗ್ರಾಮಂಗೆ ಹೋದೆ. ಮುನಿಸ್ವಾಮಿ ಕೇಳಿ ಖುಷಿಪಟ್ಟರು. ವೀಳ್ಯದೆಲೆ ತರಬೇಕು, ಜೊತೆಗೆ ಬನ್ನಿ ಎಂದು ಕರೆದರು. ಆರ್ಕಾಟ್ ರಸ್ತೆಯ ಅಂಚಿಗೆ ಬಂದು ನಿಂತೆವು. ಬಸ್ಸು, ಆಟೋ, ಎರಡು ಕಡೆಯಿಂದಲೂ ನುಗ್ಗುವ ಸ್ಕೂಟರುಗಳು. ನಾನು ತಿಳಿಯದೆಯೇ ಅವರ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅಷ್ಟು ವರ್ಷಗಳ ಅಭ್ಯಾಸ.

"ಕೈ ಬುಡಿ ಮೇಡಂ," ಎಂದರು ಮೆಲ್ಲಗೆ. "ನೀವು ಹಿಡ್ಕೊಂಡ್ರೆ ಅವನು ಹೇಳೋದು ನಂಗೆ ಗೊತ್ತಾಗಲ್ಲ."

ನಾನು ಬಿಟ್ಟೆ. ಮಣಿ ನಿಂತೇ ಇತ್ತು. ಬಸ್ಸೊಂದು ಹೋಯಿತು. ಮತ್ತೆ ಒಂದು ಆಟೋ. ಆಮೇಲೆ ಹಿಡಿಕೆ ಮುಂದಕ್ಕೆ ಜಗ್ಗಿತು. ಮುನಿಸ್ವಾಮಿ ಹೆಜ್ಜೆ ಇಟ್ಟರು, ಸೊಂಟ ಸ್ವಲ್ಪವೂ ವಾಲಲಿಲ್ಲ. ನಾನು ಎಡ ನೋಡಲಿಲ್ಲ, ಬಲ ನೋಡಲಿಲ್ಲ. ಅವರಿಬ್ಬರ ಹಿಂದೆ ಆ ರಸ್ತೆಯನ್ನು ದಾಟಿದೆ.